ಎಂಟುನೂರು ಗ್ರಾಂ

ಪೈವಳಿಕೆಯ ರೇಷನ್ ಅಂಗಡಿಯ ತೂಕದ ಹಲಗೆಯಲ್ಲಿ
ಕುಚ್ಚಲಕ್ಕಿಯ ಧೂಳು ಇನ್ನೂ ಇತ್ತು.
ಏಳು ಹುಡುಗಿಯರು ಚಪ್ಪಲಿ ಬಿಟ್ಟು, ಬಳೆ ತೆಗೆದು
ಒಬ್ಬೊಬ್ಬರೇ ಹತ್ತಿ ಇಳಿದರು.
ಕುಂಞಂಬುವಣ್ಣ ಹಳೇ ರಶೀದಿಯ ಬೆನ್ನಿಗೆ ಬರೆದು ಕೂಡಿಸಿದ:
ಮುನ್ನೂರೈವತ್ತು ಕಿಲೋ, ಎಂಟುನೂರು ಗ್ರಾಂ.
"ಸಕ್ಕರೆಯಾದರೆ ನಾನೇ ತೆಗೆದಿಡುತ್ತಿದ್ದೆ ಟೀಚರೆ."

ನಾಡಿದ್ದು ಕಾಞಂಗಾಡಿನಲ್ಲಿ
ಮುನ್ನೂರೈವತ್ತರ ಮೇಲೆ ಹಿಡಿ ಉಪ್ಪಿನಷ್ಟು ಹೆಚ್ಚಾದರೂ
ಹಗ್ಗ ಮುಟ್ಟದೆ ವಾಪಸು ಬಸ್ಸು.

ನಾಲ್ಕು ತಿಂಗಳು
ಶಾಲೆಯ ಹಿಂದಿನ ಹಲಸಿನ ಕೊಂಬೆಗೆ ರಾಟೆ ಕಟ್ಟಿ
ಡಾಮರಿನ ಡ್ರಮ್ಮಿಗೆ ಮುರಕಲ್ಲು ತುಂಬಿಸಿ ಎಳೆಸಿದ್ದೇನೆ.
ವಾರಕ್ಕೊಂದು ಕಲ್ಲು ಹೆಚ್ಚು, ನಾಲ್ಕನೆಯ ವಾರ ಎರಡು ಕಡಿಮೆ.
"ಯಾಕೆ ಕಡಿಮೆ, ನಮಗೆ ಆಗ್ತದೆ" ಎಂದು ಮುನಿಸು.
ಎಳೆಯುವಾಗ ಸ್ನಾಯು ಬೆಳೆಯುವುದಲ್ಲ ಮಕ್ಕಳೇ,
ಎಳೆಯುವಾಗ ಅದು ಹರಿಯುತ್ತದೆ, ನೂಲುನೂಲಾಗಿ.
ಹೊಲಿಗೆ ಬೀಳುವುದು ನೀವು ಗೊರಕೆ ಹೊಡೆಯುವಾಗ.
(ಲವೀನಾ ಗಣಿತದ ಪೀರಿಯಡಿನಲ್ಲಿ ನಿದ್ದೆಹೋಗಿ
ನನ್ನ ಹೆಸರು ಹೇಳಿದಳಂತೆ.)

ಮುಷ್ಟಿಯ ವಿಷಯವೂ ಹೇಳಿದೆ.
ಬಿಗಿದಷ್ಟೂ ರಕ್ತಕ್ಕೆ ಬಾಗಿಲು ಮುಚ್ಚುತ್ತದೆ.
ಮುಂಗೈ ಉರಿಯುವುದು ನೀವು ಪುಕ್ಕಲಾಗಿ ಅಲ್ಲ,
ಒಳಗೆ ಗಾಳಿ ಮುಗಿದು.
ಉಸಿರು ಕಟ್ಟಬೇಡಿ, ಹಂಚಿಕೊಳ್ಳಿ:
ಮುಂದಿನವಳ ಬೆನ್ನು ಉಬ್ಬಿದಾಗ ನಿಮ್ಮದೂ ಉಬ್ಬಲಿ.
ತುಳು, ಮಲಯಾಳ, ಬ್ಯಾರಿ, ಕೊಂಕಣಿ
ಮನೆಮನೆಗೆ ಒಂದೊಂದು;
ಹಗ್ಗದ ಮೇಲೆ ಒಂದೇ ಮಾತು, ಅದೂ ಮಾತಲ್ಲ:
ಹೊಪ್.

ಎಂಟುನೂರು ಗ್ರಾಂ ಯಾರದು?
ಯಾರೂ ಕೇಳಲಿಲ್ಲ. ಯಾರೂ ತೇಜಾಕ್ಷಿಯ ಕಡೆ ನೋಡಲಿಲ್ಲ.
ಅಷ್ಟು ಎಚ್ಚರದಿಂದ ನೋಡದಿರುವುದೂ ಒಂದು ನೋಟ.
ಹಗ್ಗದ ಕೊನೆಯವಳು ಅವಳು.
ಬೀಡಿಗೆ ನೂಲು ಸುತ್ತಿ ಸುತ್ತಿ ಬೆರಳಿಗೆ ಬಂದ ಹಿಡಿತ,
ಡ್ರಮ್ಮು ಮೊದಲು ಅಲುಗುತ್ತಿದ್ದದ್ದು ಅವಳ ಹಿಮ್ಮಡಿ ಮಣ್ಣಿಗಿಳಿದಾಗ.

ಮರುದಿನ ಸಂಜೆ ನಲ್ಲಿಯ ಬಳಿ ಸಿಕ್ಕಳು.
ಮೈಮೇಲೆ ಎರಡು ಸ್ವೆಟರು,
ಬಾಯಲ್ಲಿ ಹುಣಸೆಹುಳಿ, ಉಗುಳುವುದಕ್ಕೆ.
"ನಿನ್ನೆಯಿಂದ ನೀರು ಕುಡಿದಿಲ್ಲ, ಸರಿಯಾಗ್ತದೆ ಟೀಚರೆ."
ಮಣಿಕಟ್ಟು ಹಿಡಿದು ಮೆಟ್ಟಿಲಲ್ಲಿ ಕೂರಿಸಿದೆ.
ಬೆಳಿಗ್ಗೆ ಐವತ್ತೆಂಟು ಇರುವ ನಾಡಿ
ಕೂತು ಕಾಲು ಗಂಟೆಯಾದರೂ ನೂರಹತ್ತು.

ನಾನೂ ಒಮ್ಮೆ ಹೀಗೆ ಒಣಗಿ ಒಣಗಿ
ತೂಕದ ಹಲಗೆಯನ್ನು ಗೆದ್ದಿದ್ದೆ. ಹತ್ತೊಂಬತ್ತು ವರ್ಷ.
ಮೂರನೆಯ ಎಳೆತಕ್ಕೆ ಕೈ ನನ್ನದಾಗಿರಲಿಲ್ಲ;
ಸೊಂಟದಲ್ಲಿ ಏನೋ, ಬಟನ್ ಬಿಚ್ಚಿದ ಸದ್ದು.
ಇವತ್ತಿಗೂ ಬಸ್ಸಿನಲ್ಲಿ ಒಂದೇ ಬದಿಗೆ ಕೂರುತ್ತೇನೆ.

ಚೊಂಬು ತುಂಬಿಸಿ ಕೊಟ್ಟೆ. ಕುಡಿ.
ರಕ್ತ ದಪ್ಪಗಾದರೆ ಎದೆ ಬಡಿದಷ್ಟೂ ಬಡಿಯುತ್ತದೆ,
ಬೆರಳಿಗೆ ಮುಟ್ಟುವುದಿಲ್ಲ. ಮೊದಲು ಹೋಗುವುದು ಹಿಡಿತ.
ಅವಳು ಅತ್ತಳು. ಕಣ್ಣಿಗೆ ನೀರು ಬರಲಿಲ್ಲ.
ಎರಡನೆಯ ಚೊಂಬಿಗೆ ಬಂತು.

ರಾತ್ರಿ ಪಟ್ಟಿ ತಿದ್ದಿದೆ. ತೇಜಾಕ್ಷಿ ಕೊನೆಯಲ್ಲೇ.
ಜುವೈರಿಯಾಳ ಜಾಗಕ್ಕೆ ಒಂಬತ್ತನೆಯ ತರಗತಿಯ ಶಿಲ್ನಾ,
ನಲವತ್ತಮೂರು ಕಿಲೋ, ಯೂನಿಫಾರಂ ಸಮೇತ.
ಫೋನಿನಲ್ಲಿ ಹೇಳಿದೆ. ಆಚೆಯಿಂದ ಬಹಳ ಹೊತ್ತು ಸದ್ದಿಲ್ಲ.
"ನನ್ನ ಬೂಟು ಶಿಲ್ನಾಳಿಗೆ ಇರಲಿ ಟೀಚರೆ,
ಹಿಮ್ಮಡಿ ಗಟ್ಟಿ ಉಂಟು."
ಆಗ ಅವಳ ನಾಡಿ ಎಷ್ಟಿತ್ತೋ,
ಅದೊಂದನ್ನು ನಾನು ಎಣಿಸಲಿಲ್ಲ.

ಎರಡು ಸುತ್ತು ಗೆದ್ದೆವು, ಸೆಮಿಯಲ್ಲಿ ಸೋತೆವು.
ಆರು ಕಿಲೋ ಕಡಿಮೆ ಇದ್ದೆವು; ಅದು ಕಾರಣವೋ,
ನಮ್ಮ ಕೆಂಪು ನೆಲದ ಕಾಲಿಗೆ ಆ ಮರಳು ಒಗ್ಗಲಿಲ್ಲವೋ.
ಸೀಟಿ ಊದಿದೊಡನೆ ಏಳೂ ಮಂದಿ ಅಂಗಾತ,
ಅಂಗೈಯ ರಾಳಕ್ಕೆ ಮರಳು ಮೆತ್ತಿ.
ತೇಜಾಕ್ಷಿಯ ಕುತ್ತಿಗೆಗೆ ಎರಡು ಬೆರಳಿಟ್ಟೆ.
ನೂರ ತೊಂಬತ್ತು.
ಕೈಗಡಿಯಾರ ನೋಡುತ್ತ ಕೂತೆ, ಒಂದು ನಿಮಿಷ.
ನೂರ ನಲವತ್ತೆರಡು.
ಜೂನಿನಲ್ಲಿ ಇದೇ ನಿಮಿಷಕ್ಕೆ ಇಳಿಯುತ್ತಿದ್ದದ್ದು ಹದಿನೆಂಟು.

ಅವರ ಬೋರ್ಡಿನಲ್ಲಿ ಇದಕ್ಕೆ ಕಾಲಮ್ಮಿಲ್ಲ.
"ಸೋತದ್ದನ್ನೂ ಬರೀತೀರಾ ಟೀಚರೆ?"
ಮಾತಾಡಬೇಡ, ಉಸಿರಾಡು.
ಆಮೇಲೆ ಅಲ್ಲಿ ಬೋಂಡ ಉಂಟು, ಹೋಗಿ ಕುಡಿ.